ಕಿತ್ತಳೆ ಐಸ್ ಕಾಫಿ ಮಾಡಕ್ಕೆ ಹೋಗಿ ಒಡೆದ ಹಾಲು ಕುಡಿದೆ, ಎಲ್ಲಿ ತಪ್ಪಿದೆ ಹೇಳ್ರಪ್ಪ

ಅರ್ಧಲೋಟ:
ಎಲ್ರಿಗೂ ನಮಸ್ಕಾರ. ಹೋದ ವಾರ ಹೊರಗಡೆ ಹೋದಾಗ ಕಿತ್ತಳೆ ಹಾಕಿದ ಐಸ್ ಕಾಫಿ ಅಂತ ಒಂದು ಕುಡಿದೆ, ಮೊದಲನೇ ಗುಟುಕಿಗೆ ಇದೇನಪ್ಪ ಅವತಾರ ಅನ್ನಿಸ್ತು, ಮೂರನೇ ಗುಟುಕಿಗೆ ಲೋಟ ಕೆಳಗಿಡಕ್ಕೆ ಮನಸ್ಸಾಗ್ಲಿಲ್ಲ. ಕೆಳಗೆ ಕಿತ್ತಳೆ ಬಣ್ಣ, ಮೇಲೆ ಕಪ್ಪು, ಮಧ್ಯದಲ್ಲಿ ಎರಡೂ ಕಲೆತು ಹೊಗೆ ಥರ ಇಳೀತಿತ್ತು. ಇದರಲ್ಲೇನು ಮಹಾ ಅಂತ ನಿನ್ನೆ ಮನೇಲಿ ಟ್ರೈ ಮಾಡ್ದೆ. ಮಾಮೂಲಿ ಹಾಲು ಕಾಫಿ ಮಾಡಿ, ಸ್ವಲ್ಪ ಆರಿಸಿ, ಅದಕ್ಕೆ ಅರ್ಧ ಲೋಟ ಕಿತ್ತಳೆ ರಸ ಸುರಿದು ಐಸ್ ಹಾಕ್ದೆ. ಎರಡೇ ನಿಮಿಷ ನೋಡಿ, ಹಾಲು ಒಡೆದು ಚೂರು ಚೂರು ಮೇಲೆ ತೇಲ್ತಿದೆ, ಕೆಳಗೆ ತಿಳಿ ನೀರು, ಐಸ್ ಆಗ್ಲೇ ಕರಗಿ ಮಾಯ. ಹಣ್ಣು ದಂಡ ಆಗತ್ತಲ್ಲ ಅಂತ ಎರಡು ಗುಟುಕು ಕುಡಿದೆ ಕೂಡ, ಹೇಳ್ಕೊಳ್ಳಕ್ಕೆ ನಾಚಿಕೆ. ಮಷೀನ್ ಗಿಷೀನ್ ಏನಿಲ್ಲ ನನ್ ಹತ್ರ, ಒಂದು ಮಿಕ್ಸಿ, ಒಂದು ಜರಡಿ, ಫ್ರಿಜ್ಜು ಅಷ್ಟೇ. ಏನ್ ಮಾಡ್ಬೇಕಿತ್ತು?

ಡಿಕಾಕ್ಷನ್ ದಾಸ:
ಏನೂ ಮಾಡ್ಬಾರದಿತ್ತು. ಕಾಫಿ ಕಾಫಿ ಥರ ಕುಡೀರಿ, ಹಣ್ಣು ಹಣ್ಣಿನ ಥರ ತಿನ್ರಿ. ಮುಗೀತು.

ಸೋಮಾರಿ ಅಡುಗೆಮನೆ:
ಬಂದ್ರು ನೋಡಿ, ಇನ್ನೂ ಯಾಕೆ ಬಂದಿಲ್ಲ ಅನ್ಕೊಂಡಿದ್ದೆ.

ಲ್ಯಾಬ್‌ಕೋಟ್:
ಅರ್ಧಲೋಟ ಅವ್ರೇ, ನೀವು ಮಾಡಿದ್ದು ಪನೀರು. ತಮಾಷೆಗೆ ಹೇಳ್ತಿಲ್ಲ, ಬಿಸಿ ಹಾಲಿಗೆ ಹುಳಿ ಹಿಂಡಿದ್ರೆ ಆಗೋದು ಅದೇ. ಹಾಲಿನ ಪಿಎಚ್ (ಹುಳಿ ಅಳೆಯೋ ಲೆಕ್ಕ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 6.7 ಇರತ್ತೆ, ಅದ್ರಲ್ಲಿರೋ ಕೇಸೀನ್ ಅನ್ನೋ ಪ್ರೋಟೀನ್ ಸಣ್ಣ ಸಣ್ಣ ಉಂಡೆಗಳಾಗಿ ತೇಲ್ತಾ ಇರತ್ತೆ, ಪಿಎಚ್ 4.6ರ ಹತ್ರ ಬಂತು ಅಂದ್ರೆ ಆ ಉಂಡೆಗಳು ಒಂದಕ್ಕೊಂದು ಅಂಟ್ಕೊಂಡು ಗಡ್ಡೆ ಕಟ್ಟತ್ತೆ. ಕಾಫಿ ತಾನೇ ಸುಮಾರು 5, ಅಂದ್ರೆ ಹಾಲನ್ನ ಆಗ್ಲೇ ಸ್ವಲ್ಪ ಇಳಿಸಿಟ್ಟಿರತ್ತೆ. ಕಿತ್ತಳೆ ರಸ 3.5ರಿಂದ 4, ನಿಂಬೆ ಅಂತೂ 2 ಚಿಲ್ಲರೆ. ಮಿಕ್ಕ ಕೆಲಸನ ಕಾಫಿಯ ಬಿಸಿನೇ ಮುಗಿಸ್ತು, ಬಿಸಿ ಇದ್ದಷ್ಟೂ ಬೇಗ ಒಡೆಯತ್ತೆ. ತಣ್ಣಗಿದ್ದಿದ್ರೆ ಸ್ವಲ್ಪ ಹೊತ್ತು ತಡ್ಕೊಳ್ತಿತ್ತೇನೋ ಆದ್ರೆ ಅರ್ಧ ಲೋಟ ರಸಕ್ಕೆ ಅದೂ ಕಷ್ಟ.

ನೀವು ಹೊರಗೆ ಕುಡಿದಿದ್ರಲ್ಲಿ ಹಾಲೇ ಇರ್ಲಿಲ್ಲ. ಮೇಲೆ ಕಪ್ಪು ಅಂತ ನೀವೇ ಬರ್ದಿದೀರ ನೋಡಿ.

ಅರ್ಧಲೋಟ:
ಅಯ್ಯೋ ಹೌದಲ್ವಾ!! ಹಾಲು ಇಲ್ದೆ ಕಾಫಿನ ನಾನು ಜನ್ಮದಲ್ಲಿ ಮನೇಲಿ ಮಾಡಿಲ್ಲ, ಅದಕ್ಕೇ ತಲೆಗೇ ಹೋಗ್ಲಿಲ್ಲ.

ನಿದ್ದೆಗೆಟ್ಟವಳು:
ನಾನು ಎರಡು ವರ್ಷದಿಂದ ಇದೇ ಕೆಲಸ ಮಾಡ್ಕೊಂಡಿದೀನಿ, ಸ್ವಲ್ಪ ಉದ್ದ ಬರೀತೀನಿ, ಓದ್ಕೊಳ್ಳಿ. ಮೊದಲು ತೀರ್ಮಾನ ಮಾಡ್ಬೇಕಾಗಿರೋದು ಒಂದೇ, ಹಾಲು ಬೇಕಾ ಹುಳಿ ಹಣ್ಣು ಬೇಕಾ. ಎರಡೂ ಬೇಕು ಅಂದ್ರೆ ಜಗಳ ಗ್ಯಾರಂಟಿ. ಕಿತ್ತಳೆ, ನಿಂಬೆ, ಪ್ಯಾಶನ್ ಫ್ರೂಟ್, ಹುಳಿ ದ್ರಾಕ್ಷಿ ಇವೆಲ್ಲ ಕಪ್ಪು ಕಾಫಿ ಕಡೆಯವ್ರು. ಬಾಳೆಹಣ್ಣು, ಬೆಣ್ಣೆಹಣ್ಣು, ಚೆನ್ನಾಗಿ ಕಳಿತ ಮಾವು, ತೆಂಗಿನ ಹಾಲು ಇವು ಹಾಲಿನ ಕಡೆಯವ್ರು. ಸ್ಟ್ರಾಬೆರಿ ಥರದ್ದು ಮಧ್ಯದಲ್ಲಿ ಕೂತಿರತ್ತೆ, ಸಿರಪ್ ಮಾಡ್ಕೊಂಡು ಸ್ವಲ್ಪ ಸ್ವಲ್ಪ ಹಾಕಿದ್ರೆ ಎರಡೂ ಕಡೆ ನಡೆಯತ್ತೆ.

ಎರಡನೇದು ಕಾಫಿ. ಕುಡಿಯೋ ಹದಕ್ಕೆ ಮಾಡಿದ ಕಾಫಿಗೆ ಐಸ್ ಹಾಕಿದ್ರೆ ಅದು ಕಾಫಿ ತೊಳೆದ ನೀರು. ಐಸ್ ಕರಗೋದು ಖಂಡಿತ, ಅದಕ್ಕೆ ಲೆಕ್ಕ ಇಟ್ಕೊಂಡೇ ಗಟ್ಟಿ ಮಾಡ್ಬೇಕು. ನಾನು ಮಾಡೋದು ಕೋಲ್ಡ್ ಬ್ರೂ. ದಪ್ಪ ರವೆ ಥರ ಪುಡಿ ಮಾಡಿದ ಕಾಫಿ 100 ಗ್ರಾಂ, ತಣ್ಣೀರು 800 ಎಂಎಲ್, ಒಂದು ಜಾರಲ್ಲಿ ಕಲಸಿ ಮುಚ್ಚಿ ಫ್ರಿಜ್ಜಲ್ಲಿಟ್ಟು ಮಲ್ಕೊಳ್ಳೋದು. 14ರಿಂದ 16 ಗಂಟೆ ಬಿಟ್ಟು ಜರಡಿಲಿ ಒಂದ್ಸಲ, ತೆಳು ಬಟ್ಟೇಲಿ ಇನ್ನೊಂದ್ಸಲ ಸೋಸಿ. ಪುಡಿ ತನ್ನ ತೂಕದ ಎರಡರಷ್ಟು ನೀರು ಕುಡ್ಕೊಂಡುಬಿಡತ್ತೆ, ಹಾಗಾಗಿ ಕೈಗೆ ಸಿಗೋದು 600 ಎಂಎಲ್ ಅಷ್ಟೇ, ಎಲ್ಲೋಯ್ತು ಮಿಕ್ಕಿದ್ದು ಅಂತ ಗಾಬರಿ ಆಗ್ಬೇಡಿ, ಬಟ್ಟೆ ಹಿಂಡಕ್ಕೂ ಹೋಗ್ಬೇಡಿ, ಹಿಂಡಿದ್ರೆ ಕೆಸರು ಮತ್ತೆ ಕಹಿ ಎರಡೂ ಇಳಿಯತ್ತೆ. ಇದು ಗಟ್ಟಿ ಮಾಲು, ಬರೀ ಕುಡಿಯೋದಾದ್ರೆ ಸಮಕ್ಕೆ ಸಮ ನೀರು ಬೆರೆಸ್ಬೇಕು. ಫ್ರಿಜ್ಜಲ್ಲಿ ಒಂದು ವಾರ ಇಡ್ಬಹುದು ಆದ್ರೆ ನಾಲ್ಕನೇ ದಿನದಿಂದ ನಂಗೆ ರಟ್ಟಿನ ರುಚಿ ಬರಕ್ಕೆ ಶುರು ಆಗತ್ತೆ.

ಮತ್ತೆ ಕೋಲ್ಡ್ ಬ್ರೂನಲ್ಲಿ ಹುಳಿ ಇರಲ್ಲ, ಅದಕ್ಕೇ ಹಣ್ಣಿನ ಜೊತೆ ಚೆನ್ನಾಗಿ ಹೊಂದತ್ತೆ.

ಲ್ಯಾಬ್‌ಕೋಟ್:
ಎಲ್ಲಾ ಸರಿ, ಕೊನೆ ಸಾಲು ಒಪ್ಪಲ್ಲ. ಪಿಎಚ್ ಅಳೆದು ನೋಡಿದ್ರೆ ಕೋಲ್ಡ್ ಬ್ರೂಗೂ ಬಿಸಿ ಕಾಫಿಗೂ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ, ಎರಡೂ 5ರ ಆಸುಪಾಸು. ವ್ಯತ್ಯಾಸ ಇರೋದು ಒಟ್ಟು ಎಷ್ಟು ಆಮ್ಲ ಪುಡಿಯಿಂದ ನೀರಿಗೆ ಇಳಿದಿದೆ ಅನ್ನೋದ್ರಲ್ಲಿ, ಬಿಸಿನೀರು ಜಾಸ್ತಿ ಇಳಿಸತ್ತೆ. ನಾಲಿಗೆಗೆ ಕೋಲ್ಡ್ ಬ್ರೂ ಮೆತ್ತಗೆ ಅನ್ಸೋದು ನಿಜ, ಹುಳಿ ಇಲ್ವೇ ಇಲ್ಲ ಅನ್ನೋದು ಸುಳ್ಳು.

ನಿದ್ದೆಗೆಟ್ಟವಳು:
ಆಯ್ತು ಸಾರ್, ಮೆತ್ತಗೆ ಅಂತ ತಿದ್ಕೊಳ್ತೀನಿ, ಪರೀಕ್ಷೆಗೆ ಬರತ್ತಾ ಇದು?

ಸೋಮಾರಿ ಅಡುಗೆಮನೆ:
16 ಗಂಟೆ ಯಾರು ಕಾಯ್ತಾರೆ. ನನ್ನದು ಇನ್‌ಸ್ಟಂಟ್, 2 ಟೀ ಚಮಚ ಪುಡಿ, 30 ಎಂಎಲ್ ಬಿಸಿನೀರಲ್ಲಿ ಕರಗಿಸಿ ಮೇಲೆ ಅಷ್ಟೇ ತಣ್ಣೀರು. ಕಾಫಿ ರೆಡಿ. ಬೈಯೋರು ಬೈಕೊಳ್ಳಿ.

ಡಿಕಾಕ್ಷನ್ ದಾಸ:
ಬೈಯಲ್ಲ. ಹಣ್ಣಿನ ರಸ ಸುರಿಯೋದೇ ಆದ್ಮೇಲೆ ಒಳ್ಳೆ ಪುಡಿ ಯಾಕೆ ಹಾಳು ಮಾಡ್ಬೇಕು.

ಸಿಪ್ಪೆ ಸಾಹುಕಾರ:
ಕಾಯಕ್ಕಾಗದವ್ರಿಗೆ ಇನ್ನೊಂದು ದಾರಿ ಇದೆ, ಜಪಾನೀಸ್ ಐಸ್ ಕಾಫಿ ಅಂತಾರೆ. ಕುದಿ ನೀರಲ್ಲಿ ಕಾಫಿ ಇಳಿಸೋದು, ಆದ್ರೆ ಅದು ನೇರ ಐಸ್ ಮೇಲೆ ಬೀಳ್ಬೇಕು. ಲೆಕ್ಕ ಸಿಂಪಲ್, 20 ಗ್ರಾಂ ಪುಡಿಗೆ ಒಟ್ಟು 300 ಗ್ರಾಂ ನೀರು ಅಂತ ಇಟ್ಕೊಂಡ್ರೆ ಅದ್ರಲ್ಲಿ 180 ಬಿಸಿನೀರು, 120 ಐಸ್, ಐಸನ್ನ ಕೆಳಗಿನ ಪಾತ್ರೇಲಿ ಮೊದಲೇ ತೂಕ ಮಾಡಿ ಹಾಕಿಟ್ಟಿರ್ಬೇಕು. ಬಿಸಿನೀರು ಪರಿಮಳನೆಲ್ಲ ಎಳ್ಕೊಂಡು ಬರತ್ತೆ, ಐಸ್ ಅದನ್ನ ಅಲ್ಲೇ ಹಿಡಿದು ತಣ್ಣಗೆ ಮಾಡತ್ತೆ, ಹಾರಿ ಹೋಗಕ್ಕೆ ಟೈಮ್ ಕೊಡಲ್ಲ. ಕೋಲ್ಡ್ ಬ್ರೂ ಚಾಕಲೇಟ್ ಕಡೆ ವಾಲತ್ತೆ, ಇದು ಹೂವು ಹಣ್ಣಿನ ಕಡೆ ವಾಲತ್ತೆ. ಕಿತ್ತಳೆಗೆ ನನ್ನ ಓಟು ಇದಕ್ಕೇ.

ಆದ್ರೆ ನಾನು ನಿಜವಾಗ್ಲೂ ಹೇಳಕ್ಕೆ ಬಂದಿದ್ದು ಬೇರೆ. ರಸ ಹಾಕ್ಬೇಡಿ. ರಸದಲ್ಲಿರೋದು ಸಕ್ಕರೆ, ಹುಳಿ, ನೀರು. ಕಿತ್ತಳೆ ಅಂತ ಕಣ್ಣು ಮುಚ್ಚಿ ಹೇಳೋ ಆ ವಾಸನೆ ಇರೋದು ಸಿಪ್ಪೆ ಎಣ್ಣೇಲಿ. ಸಿಪ್ಪೆ ಮಡಿಸಿ ಹಿಂಡಿದ್ರೆ ಕಣ್ಣಿಗೆ ಚಿಮ್ಮತ್ತಲ್ಲ, ಅದೇ. ನಾವು ರಸ ಕುಡಿದು ಅಸಲಿ ಮಾಲನ್ನ ಕಸಕ್ಕೆ ಹಾಕ್ತೀವಿ.

ಅರ್ಧಲೋಟ:
ಸಿಪ್ಪೆನ ಕಾಫಿಗೆ ಹಾಕಿ ಕುದಿಸ್ಬೇಕಾ?

ಸಿಪ್ಪೆ ಸಾಹುಕಾರ:
ಕುದಿಸ್ಬಾರ್ದು! ಕುದಿಸಿದ್ರೆ ಆ ಪರಿಮಳ ಮನೆಗೆಲ್ಲ ಬರತ್ತೆ ಲೋಟಕ್ಕೆ ಬರಲ್ಲ. ಸಕ್ಕರೆ ಕೈಲಿ ಎಣ್ಣೆ ಕಕ್ಕಿಸ್ಬೇಕು. 3 ಕಿತ್ತಳೆ ತಗೊಳ್ಳಿ, ಮೇಲೆ ಮೇಣ ಸವರಿರ್ತಾರೆ ಆದ್ರಿಂದ ಬಿಸಿನೀರಲ್ಲಿ ಚೆನ್ನಾಗಿ ಉಜ್ಜಿ ತೊಳೀರಿ, ಪೀಲರ್‌ನಲ್ಲಿ ಬಣ್ಣದ ಪದರ ಮಾತ್ರ ತೆಳ್ಳಗೆ ಎತ್ತಿ, ಬಿಳಿ ಬಂದ್ರೆ ಕಹಿ. ಅದಕ್ಕೆ 100 ಗ್ರಾಂ ಸಕ್ಕರೆ ಹಾಕಿ ಚಪಾತಿ ಲಟ್ಟಣಿಗೆ ತುದೀಲಿ ಒಂದೆರಡು ನಿಮಿಷ ಚೆನ್ನಾಗಿ ಜಜ್ಜಿ ಮುಚ್ಚಿಡಿ. 5-6 ಗಂಟೆ ಬಿಟ್ಟು ನೋಡಿದ್ರೆ ಸಕ್ಕರೆ ಒದ್ದೆ ಮರಳ ಥರ ಆಗಿ ತಳದಲ್ಲಿ ಹಳದಿ ಎಣ್ಣೆ ಎಣ್ಣೆ ಪಾಕ ನಿಂತಿರತ್ತೆ. ಅದಕ್ಕೆ 100 ಎಂಎಲ್ ಬಿಸಿನೀರು ಹಾಕಿ ಸಕ್ಕರೆ ಪೂರ್ತಿ ಕರಗೋವರ್ಗೂ ಕಲಸಿ ಸೋಸಿ ಬಾಟ್ಲಿಗೆ ಹಾಕಿ. ಫ್ರಿಜ್ಜಲ್ಲಿ ಒಂದು ವಾರಕ್ಕೆ ಏನೂ ಆಗಲ್ಲ. ಇದ್ರಲ್ಲಿ ಹುಳಿ ಇಲ್ಲ ಗಮನಿಸಿ, ಅಂದ್ರೆ ಹಾಲು ಕಾಫಿಗೂ ಹಾಕ್ಬಹುದು, ಒಡೆಯಲ್ಲ.

ಬರೀ ಓದೋನು:
ಐದು ವರ್ಷದಿಂದ ಇಲ್ಲಿ ಬರೀ ಓದ್ತಿದೀನಿ, ಮೊದಲ್ನೇ ಸಲ ಲಾಗಿನ್ ಆದೆ. ಕೊನೆ ಸಾಲು ನೋಡಿ ಎದ್ದು ಕೂತೆ. ಹಾಲೂ ಇರತ್ತೆ ಕಿತ್ತಳೆನೂ ಇರತ್ತೆ?

ಸಿಪ್ಪೆ ಸಾಹುಕಾರ:
ಇರತ್ತೆ. ಸ್ವಾಗತ.

ಲ್ಯಾಬ್‌ಕೋಟ್:
ಇದು ಒಳ್ಳೇ ಟ್ರಿಕ್. ಎಣ್ಣೇಲಿ ಬಹುಪಾಲು ಲಿಮೊನೀನ್ ಅನ್ನೋ ಪರಿಮಳದ ವಸ್ತು, ಅದಕ್ಕೂ ಹಾಲು ಒಡೆಯೋದಕ್ಕೂ ಸಂಬಂಧ ಇಲ್ಲ. ಇನ್ನೊಂದು ಮಾತು ಸೇರಿಸ್ತೀನಿ, ಸಕ್ಕರೆನ ನೇರ ತಣ್ಣನೆ ಕಾಫಿಗೆ ಹಾಕೋರು ಇದಾರೆ, ತಣ್ಣೀರಲ್ಲೂ ಸಕ್ಕರೆ ಬೇಕಾದಷ್ಟು ಕರಗತ್ತೆ ಆದ್ರೆ ಕರಗೋ ವೇಗ ನಿಧಾನ, ನೀವು ಕುಡಿದು ಮುಗಿಸೋ ಹೊತ್ತಿಗೆ ತಳದಲ್ಲಿ ಕರಕರ ಅಂತ ಉಳಿದಿರತ್ತೆ. ಅದಕ್ಕೇ ಎಲ್ರೂ ಸಿರಪ್ ಸಿರಪ್ ಅನ್ನೋದು. ಮತ್ತೆ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಮ್ಮಿ ತಿಳಿಯತ್ತೆ, ರೂಮ್ ಬಿಸಿಯಲ್ಲಿ ಸಿರಪ್ ರುಚಿ ನೋಡಿ ಜಾಸ್ತಿ ಆಯ್ತು ಅಂತ ಕಮ್ಮಿ ಮಾಡ್ಬೇಡಿ, ಐಸ್ ಹಾಕಿದ್ಮೇಲೆ ಸರಿ ಹೋಗತ್ತೆ.

ಅರ್ಧಲೋಟ:
ಅಪ್‌ಡೇಟ್. ತಾಳ್ಮೆ ಇರ್ಲಿಲ್ಲ, ಸಿರಪ್ ಆಗೋದ್ರೊಳಗೆ ಐಸ್ ಮೇಲೆ ಇಳಿಸೋ ಕಾಫಿ ಮಾಡಿ ಹಾಲಿಲ್ದೆ ರಸ ಹಾಕಿ ನೋಡ್ದೆ. ಒಡೀಲಿಲ್ಲ ಸರಿ, ಆದ್ರೆ ಹುಳಿ ಒಂದು ಕಡೆ ಕಹಿ ಒಂದು ಕಡೆ, ಬಾಯಲ್ಲಿ ಇಬ್ರು ಅತ್ತೆ ಸೊಸೆ ಕೂತ್ಕೊಂಡ ಹಾಗಿತ್ತು. ಜ್ವರ ಬಂದಾಗ ಕೊಡೋ ಸಿರಪ್ ನೆನಪಾಯ್ತು.

ಡಿಕಾಕ್ಷನ್ ದಾಸ:
ನಿಮ್ಮ ಪುಡಿ ಯಾವ್ದು? ಕಪ್ಪಗೆ ಹುರಿದಿದ್ದಾ? ಚಿಕೋರಿ ಇದೆಯಾ?

ಅರ್ಧಲೋಟ:
ಹ್ಞೂ, ಕಪ್ಪಗೇ ಇದೆ. ಚಿಕೋರಿ ಪ್ಯಾಕೆಟ್ ಮೇಲೆ 30 ಪರ್ಸೆಂಟ್ ಅಂತಿದೆ.

ಡಿಕಾಕ್ಷನ್ ದಾಸ:
ಮತ್ತೆ! ನಂಗೆ ಈ ಹಣ್ಣಿನ ಕಾಫಿ ಮೇಲೆ ಪ್ರೀತಿ ಇಲ್ಲ ಆದ್ರೆ ಪುಡಿ ವಿಷ್ಯದಲ್ಲಿ ಅನ್ಯಾಯ ನೋಡಿ ಸುಮ್ನಿರಕ್ಕಾಗಲ್ಲ. ಚಿಕೋರಿ ಒಂದು ಬೇರು, ಹುರಿದು ಪುಡಿ ಮಾಡಿರ್ತಾರೆ, ಅದು ಕೊಡೋದು ಗಟ್ಟಿತನ, ಬಣ್ಣ, ಒಂಥರಾ ಮಣ್ಣಿನ ಕಹಿ. ಹಾಲು ಸಕ್ಕರೆ ಮುಂದೆ ಅದು ರಾಜ, ಕಿತ್ತಳೆ ಮುಂದೆ ಅದು ಕೆಸರು. ಕಪ್ಪಗೆ ಹುರಿದ ಬೀಜನೂ ಅಷ್ಟೇ, ಹುರಿದಷ್ಟೂ ಬೀಜದ ಸ್ವಂತ ಹುಳಿ ಸುಟ್ಟು ಹೋಗಿ ಕಹಿ ಮುಂದೆ ಬರತ್ತೆ. ಕಹಿ ಮೇಲೆ ಹೊರಗಿನ ಹುಳಿ ಸುರಿದ್ರೆ ಎರಡೂ ಹೊಂದಲ್ಲ, ಜಗಳನೇ. ಚಿಕೋರಿ ಇಲ್ದಿರೋ, ತಿಳಿಯಾಗಿ ಇಲ್ಲಾ ಮಧ್ಯಮ ಹುರಿದ ಬೀಜ ತಗೊಳ್ಳಿ.

ಕಾಫಿ ತಾನೇ ಒಂದು ಹಣ್ಣಿನ ಬೀಜ ಅನ್ನೋದು ಮರೀಬೇಡಿ. ನಿಂಬೇಲಿರೋ ಸಿಟ್ರಿಕ್ ಆಮ್ಲ, ಸೇಬಲ್ಲಿರೋ ಮ್ಯಾಲಿಕ್ ಆಮ್ಲ ಎರಡೂ ಬೀಜದಲ್ಲೇ ಇದೆ. ಹಣ್ಣಿನ ಸಮೇತ ಬಿಸಿಲಿಗೆ ಒಣಗಿಸಿದ ಇಥಿಯೋಪಿಯಾ ಬೀಜ ಕುಡಿದು ನೋಡಿ, ಏನೂ ಹಾಕ್ದೆ ಬೆರಿ ಹಣ್ಣಿನ ವಾಸನೆ ಬರತ್ತೆ. ಕೀನ್ಯಾದ್ದು ಕೆಲವು ಕಪ್ಪು ದ್ರಾಕ್ಷಿ ಥರ. ಅದಕ್ಕೇ ನಾನು ಮೊದಲ್ನೇ ದಿನಾನೇ ಹೇಳಿದ್ದು, ಒಳ್ಳೆ ಕಾಫೀಲಿ ಹಣ್ಣು ಆಗ್ಲೇ ಇದೆ, ನೀವ್ಯಾಕೆ ಹಾಕಕ್ಕೆ ಹೋಗ್ತೀರಿ.

ನಿದ್ದೆಗೆಟ್ಟವಳು:
ಈ ಥ್ರೆಡ್‌ನಲ್ಲಿ ಅತ್ಯಂತ ಉಪಯೋಗದ ಪೋಸ್ಟ್ ವಿರೋಧ ಪಕ್ಷದಿಂದ ಬಂತು.

ಅದಕ್ಕೆ ಒಂದು ಚಿಟಿಕೆ ನನ್ನದೂ ಸೇರಿಸ್ತೀನಿ, ಅಕ್ಷರಶಃ ಚಿಟಿಕೆ, ಉಪ್ಪು. ಬೇರೆ ಪುಡಿ ಸಿಗೋವರ್ಗೂ ಆ ಕಹಿ ಕಾಫಿಗೆ ನಾಲ್ಕೇ ನಾಲ್ಕು ಕಾಳು ಉಪ್ಪು ಹಾಕಿ ನೋಡಿ, ಉಪ್ಪು ಅಂತ ಗೊತ್ತಾಗೋ ಅಷ್ಟಲ್ಲ, ಕಹಿ ನಾಲಿಗೆಗೆ ಮಂಕಾಗತ್ತೆ.

ಪುಸ್ತಕದ ಹುಳ:
ದಾಸರು ಒಪ್ಪಲ್ಲ ಅಂತ ಗೊತ್ತು ಆದ್ರೂ ಹೇಳ್ತೀನಿ, ಕಾಫಿಗೆ ನಿಂಬೆ ಹಾಕೋದು ಈಗಿನ ಹುಡುಗರ ಹುಚ್ಚಲ್ಲ. ಮಜಗ್ರಾನ್ ಅಂತ ಒಂದು ತಣ್ಣನೆ ಕಾಫಿ ಇದೆ, ಹೆಸರು ಬಂದಿದ್ದು ಆಲ್ಜೀರಿಯಾದ ಮಜಗ್ರಾನ್ ಅನ್ನೋ ಊರಿಂದ, 1840ರಲ್ಲಿ ಫ್ರೆಂಚ್ ಸೈನಿಕರು ಅಲ್ಲಿನ ಕೋಟೇಲಿ ಮುತ್ತಿಗೆಗೆ ಸಿಕ್ಕಿಹಾಕ್ಕೊಂಡಿದ್ರು. ತಣ್ಣೀರು ಬೆರೆಸಿದ ಸಿಹಿ ಕಾಫಿ ಅದು, ಆಮೇಲೆ ಪ್ಯಾರಿಸ್ ಕೆಫೆಗಳಿಗೂ ಹೋಯ್ತು. ಪೋರ್ಚುಗಲ್‌ನಲ್ಲಿ ಇದಕ್ಕೆ ನಿಂಬೆ ರಸ ಹಾಕೇ ಕುಡೀತಾರೆ.

ಡಿಕಾಕ್ಷನ್ ದಾಸ:
ಮುತ್ತಿಗೆಗೆ ಸಿಕ್ಕಿದ್ರೆ ನಾನೂ ಕುಡೀತೀನಿ.

ಸೋಮಾರಿ ಅಡುಗೆಮನೆ:
ನಗು ತಡ್ಯಕ್ಕಾಗ್ತಿಲ್ಲ. ಸರಿ ನನ್ನದೊಂದು ಪ್ರಶ್ನೆ, ನಿನ್ನೆ ಅನಾನಸ್ ಹಾಕಿ ಹಾಲು ಕಾಫಿ ಮಿಕ್ಸಿಗೆ ಹಾಕ್ದೆ, ಫಸ್ಟ್ ಚೆನ್ನಾಗಿತ್ತು, ಒಂದು ಲೋಟ ಕುಡಿದು ಇನ್ನೊಂದು ಲೋಟ ಫ್ರಿಜ್ಜಲ್ಲಿಟ್ಟೆ, ಸಾಯಂಕಾಲ ತೆಗೆದ್ರೆ ಬೇವಿನ ಎಲೆ ಅಗಿದ ಹಾಗಿದೆ. ಹಣ್ಣು ಸಿಹಿನೇ ಇತ್ತು ಮತ್ತೆ.

ಲ್ಯಾಬ್‌ಕೋಟ್:
ಬ್ರೋಮೆಲೈನ್. ಅನಾನಸ್‌ನಲ್ಲಿರೋ ಕಿಣ್ವ, ಹಾಲಿನ ಪ್ರೋಟೀನನ್ನ ಕತ್ತರಿಸಿ ತುಂಡು ತುಂಡು ಮಾಡತ್ತೆ, ಆ ತುಂಡುಗಳಲ್ಲಿ ಕೆಲವು ಭಯಂಕರ ಕಹಿ. ಹೊತ್ತಾದಷ್ಟೂ ಜಾಸ್ತಿ. ಪಪ್ಪಾಯಿ, ಕಿವಿ ಹಣ್ಣಿನಲ್ಲೂ ಇದೇ ಥರದ ಬೇರೆ ಬೇರೆ ಕಿಣ್ವಗಳಿವೆ. ಹಣ್ಣನ್ನ ಸಕ್ಕರೆ ಜೊತೆ ಕೆಲವು ನಿಮಿಷ ಚೆನ್ನಾಗಿ ಕುದಿಸಿಬಿಟ್ರೆ ಕಿಣ್ವ ಸಾಯತ್ತೆ, ಆಮೇಲೆ ತೊಂದ್ರೆ ಇಲ್ಲ. ಡಬ್ಬಿ ಅನಾನಸ್ ಆದ್ರೆ ಅದನ್ನ ಪ್ಯಾಕ್ ಮಾಡುವಾಗ್ಲೇ ಬಿಸಿ ಮಾಡಿರ್ತಾರೆ, ನೇರ ಹಾಕ್ಬಹುದು.

ಸೋಮಾರಿ ಅಡುಗೆಮನೆ:
ಡಬ್ಬಿ. ನನ್ನ ಹೆಸರಿಗೆ ತಕ್ಕ ಉತ್ತರ.

ಬರೀ ಓದೋನು:
ಮಕ್ಕಳಿಗೆ ರಜಾ, ಮನೆಗೆ ನೆಂಟ್ರು ಬರ್ತಾರೆ, ದೊಡ್ಡವ್ರಿಗೆ ಸ್ಟ್ರಾಬೆರಿ ಐಸ್ ಕಾಫಿ ಮಾಡೋಣ ಅಂತ. ಕೆಳಗೆ ಕೆಂಪು ಮಧ್ಯ ಬಿಳಿ ಮೇಲೆ ಕಂದು ಹಂಗೆ ಪದರ ಪದರ ನಿಲ್ಲೋದು ಹೇಗೆ? ನಾನು ಮಾಡಿದ್ದು ಸಿಮೆಂಟ್ ಬಣ್ಣ ಬಂತು, ಸಿಮೆಂಟೇ.

ನಿದ್ದೆಗೆಟ್ಟವಳು:
ಪದರಕ್ಕೆ ಮಂತ್ರ ಏನಿಲ್ಲ, ಸಕ್ಕರೆ ಜಾಸ್ತಿ ಇರೋದು ಭಾರ, ಅದು ಕೆಳಗೆ. ಮೊದಲು ಸಿರಪ್, ಆಮೇಲೆ ಲೋಟದ ತುಂಬ ಐಸ್, ಆಮೇಲೆ ತಣ್ಣನೆ ಹಾಲು ಐಸ್ ಮೇಲೇ ನಿಧಾನಕ್ಕೆ, ಕೊನೇಲಿ ಸಕ್ಕರೆ ಹಾಕದ ಕಾಫಿನ ಚಮಚ ಬೋರಲು ಹಿಡಿದು ಅದರ ಬೆನ್ನ ಮೇಲೆ ದಾರದ ಹಾಗೆ ಇಳಿಬಿಡಿ. ಕಾಫಿಗೆ ಸಕ್ಕರೆ ಹಾಕಿದ್ರೆ ಅದೂ ಭಾರ ಆಗಿ ಮುಳುಗತ್ತೆ, ಎಲ್ಲಾ ಹಾಳು. ಕಾಫಿ ಬಿಸಿ ಇದ್ರೂ ಹಾಳು, ಐಸ್ ಕರಗಿ ನೀರಾಗಿ ಗೆರೆನೇ ಅಳಿಸಿ ಹೋಗತ್ತೆ.

ಸಿರಪ್ಪಿಗೆ 200 ಗ್ರಾಂ ಸ್ಟ್ರಾಬೆರಿ ಸಣ್ಣಗೆ ಹೆಚ್ಚಿ 200 ಗ್ರಾಂ ಸಕ್ಕರೆ ಕಲಸಿ ರಾತ್ರಿ ಫ್ರಿಜ್ಜಲ್ಲಿಡಿ, ಒಲೆ ಬೇಡ, ಸಕ್ಕರೆನೇ ಹಣ್ಣಿಂದ ನೀರೆಳೆದು ಬೆಳಗ್ಗೆಗೆ ಕೆಂಪು ಪಾಕ ಮಾಡಿಟ್ಟಿರತ್ತೆ. ತಳದ ಸಕ್ಕರೆನ ಕಲಸಿ ಕರಗಿಸಿ ಸೋಸ್ಕೊಳ್ಳಿ. ಕುದಿಸಿದ್ರೆ ಜಾಮ್ ರುಚಿ, ಹಿಂಗೆ ಮಾಡಿದ್ರೆ ಹಣ್ಣಿನ ರುಚಿ. ಉಳಿದ ಚೂರುಗಳನ್ನ ಬಿಸಾಡ್ಬೇಡಿ, ನಿಂತ್ಕೊಂಡೇ ತಿಂದು ಮುಗಿಸಿ, ಅದು ಮಾಡಿದವ್ರ ಹಕ್ಕು.

ಒಂದು ಲೋಟಕ್ಕೆ ನನ್ನ ಅಳತೆ: ಸಿರಪ್ 25 ಎಂಎಲ್, ಹಾಲು 120, ಗಟ್ಟಿ ಕೋಲ್ಡ್ ಬ್ರೂ 60. ಸಿರಪ್ಪಿಗೆ ಹುಳಿ ಇದೆ ಆದ್ರೆ ಇಷ್ಟು ಕಮ್ಮಿಗೆ ತಣ್ಣನೆ ಹಾಲು ಏನೂ ಅನ್ನಲ್ಲ. ಮಾಡಿ ಇಟ್ಟು ಹರಟೆ ಹೊಡೀಬೇಡಿ, ಮಾಡಿ ಕೊಟ್ಟು ಕುಡಿಸಿ.

ಲ್ಯಾಬ್‌ಕೋಟ್:
ಸಿಮೆಂಟ್ ಬಣ್ಣದ ಕಾರಣ ಆಂಥೋಸಯಾನಿನ್. ಬೆರಿ ಹಣ್ಣಿನ ಈ ಕೆಂಪು ಬಣ್ಣ ಹುಳಿ ಇರೋವರ್ಗೂ ಕೆಂಪು, ಹುಳಿ ಕಮ್ಮಿ ಆದ್ರೆ ನೇರಳೆ ನೀಲಿ ಕಡೆ ಹೋಗತ್ತೆ. ಹಾಲು ಹುಳಿನ ಕಮ್ಮಿ ಮಾಡ್ತು, ನೀಲಿ ಛಾಯೆಗೆ ಕಾಫಿ ಕಂದು ಸೇರ್ತು, ನಿಮ್ಮ ಸಿಮೆಂಟ್ ಮೂಟೆ ರೆಡಿ. ಬ್ಲೂಬೆರಿಗೆ ಇನ್ನೂ ಜಾಸ್ತಿ. ಆದ್ರಿಂದ ಕಲಸೋ ಕೆಲಸ ಕುಡಿಯೋರಿಗೇ ಬಿಡಿ, ಅಷ್ಟೊತ್ತಿಗೆ ಫೋಟೋ ತೆಗೆದಾಗಿರತ್ತೆ.

ಹಸಿರು ಬಾಟ್ಲಿ:
ನಾನು ಸೋಡಾ ಪಾರ್ಟಿ. ಹಾಲೂ ಬೇಡ ರಸನೂ ಬೇಡ, ಸಾಹುಕಾರರ ಸಿಪ್ಪೆ ಸಿರಪ್ 25 ಎಂಎಲ್, ಸೋಡಾ 100, ಮೇಲೆ ಗಟ್ಟಿ ಕಾಫಿ 60. ಮೊದಲ್ನೇ ಸಲ ನಾನು ಕಾಫಿ ಮೊದ್ಲು ಹಾಕಿ ಮೇಲಿಂದ ಸೋಡಾ ದಬದಬ ಸುರಿದೆ, ಅಡುಗೆಮನೆ ಕಟ್ಟೆ ಪೂರ್ತಿ ಕಂದು ನೊರೆ, ಒರೆಸಿ ಒರೆಸಿ ಸಾಕಾಯ್ತು. ಕಾಫಿ ತಗುಲಿದ ತಕ್ಷಣ ಸೋಡಾದ ಗ್ಯಾಸ್ ಒಟ್ಟಿಗೇ ಗುಳ್ಳೆ ಕಟ್ಕೊಂಡು ಏಳತ್ತೆ, ಕಾಫೀಲಿರೋ ಅಂಶಗಳು ಆ ನೊರೆನ ಒಡೆಯಕ್ಕೆ ಬಿಡಲ್ಲ. ಫ್ರಿಜ್ಜಲ್ಲಿ ಚೆನ್ನಾಗಿ ತಣ್ಣಗಾದ ಸೋಡಾನ ಲೋಟದ ಗೋಡೆಗೆ ಒರಗಿಸಿ ಮೊದ್ಲು ಹಾಕಿ, ಕಾಫಿ ಕೊನೆಗೆ, ಲೋಟದ ತುದಿಯಿಂದ ಎರಡು ಬೆರಳು ಜಾಗ ಬಿಟ್ಟಿರಿ.

ನಿದ್ದೆಗೆಟ್ಟವಳು:
ನನ್ನ ಹೆಸರು ನೋಡಿ ಯಾರೂ ಕೇಳ್ಲಿಲ್ಲ ಆದ್ರೂ ಹೇಳ್ಬಿಡ್ತೀನಿ. ಇದು ಜ್ಯೂಸ್ ಥರ ಇಳಿದುಬಿಡತ್ತೆ, ಎಷ್ಟು ಕುಡಿದೆ ಅನ್ನೋ ಲೆಕ್ಕನೇ ಸಿಗಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದ್ದು ಆರೋಗ್ಯವಂತ ದೊಡ್ಡವ್ರಿಗೆ ದಿನಕ್ಕೆ ಒಟ್ಟು 400 ಮಿಲಿಗ್ರಾಂ ಕೆಫೀನ್‌ವರೆಗೆ ತೊಂದ್ರೆ ಇಲ್ಲ, ಬಸುರಿಯರಿಗೆ 200. ಗಟ್ಟಿ ಕೋಲ್ಡ್ ಬ್ರೂನ ನೀರು ಬೆರೆಸದೆ ಲೋಟಗಟ್ಲೆ ಹಾಕ್ಕೊಂಡ್ರೆ ಆ ಗೆರೆ ದಾಟೋದು ಕಷ್ಟ ಏನಲ್ಲ. ನಾನು ದಾಟಿದೀನಿ, ಬೆಳಗಿನ ಜಾವ 3 ಗಂಟೆಗೆ ಬೀರು ಜೋಡಿಸ್ತಿದ್ದೆ.

ಲ್ಯಾಬ್‌ಕೋಟ್:
ಇನ್ನೊಂದು, ಗ್ರೇಪ್‌ಫ್ರೂಟ್ (ದ್ರಾಕ್ಷಿ ಅಲ್ಲ, ಚಕ್ಕೋತ ಥರದ ಹಣ್ಣು) ಹಾಕೋರಿದ್ರೆ. ಕೊಲೆಸ್ಟ್ರಾಲ್, ಬಿಪಿಗೆ ಕೊಡೋ ಕೆಲವು ಮಾತ್ರೆಗಳನ್ನ ದೇಹ ಕರಗಿಸೋ ಕೆಲಸಕ್ಕೆ ಅದು ಅಡ್ಡ ಬರತ್ತೆ, ರಕ್ತದಲ್ಲಿ ಮಾತ್ರೆ ಪ್ರಮಾಣ ಏರತ್ತೆ. ಮಾತ್ರೆ ತಗೊಳ್ಳೋ ನೆಂಟ್ರಿಗೆ ಕೇಳದೆ ಕೊಡ್ಬೇಡಿ, ಕಿತ್ತಳೆ ಹಾಕಿ ಸಾಕು.

ಅರ್ಧಲೋಟ:
ಅಪ್‌ಡೇಟ್ ಎರಡು. ಚಿಕೋರಿ ಇಲ್ದಿರೋ ಮಧ್ಯಮ ಹುರಿದ ಪುಡಿ ತಂದೆ. ಸಿಪ್ಪೆ ಸಿರಪ್ ಮಾಡ್ದೆ, ಮೊದಲ್ನೇ ಸಲ ಚಾಕುವಲ್ಲಿ ಸುಲಿದು ಬಿಳಿ ಭಾಗ ಜಾಸ್ತಿ ಬಂದು ಸಿರಪ್ಪೇ ಕಹಿ, ಎರಡನೇ ಸಲ ಪೀಲರ್, ಸೂಪರ್. ಬಾಟ್ಲಿ ಮುಚ್ಚಳ ತೆಗೆದ್ರೆ ಪಕ್ಕದ ರೂಮಿನವ್ರು ಯಾರು ಕಿತ್ತಳೆ ಸುಲೀತಿರೋದು ಅಂತ ಕೇಳ್ತಾರೆ.

ಸಿರಪ್ 25, ತಣ್ಣೀರು 100, ಐಸ್ ಮೇಲೆ ಗಟ್ಟಿಯಾಗಿ ಇಳಿಸಿದ ಕಾಫಿ 90. ಅದಕ್ಕೆ ರಸ ಒಂದೇ ಒಂದು ಟೀ ಚಮಚ, ಬರೀ ಸಿಪ್ಪೆ ಹಾಕಿದಾಗ ವಾಸನೆ ಇದೆ ಆದ್ರೆ ಏನೋ ಖಾಲಿ ಅನ್ನಿಸ್ತಿತ್ತು, ಆ ಒಂದು ಚಮಚ ಹುಳಿ ಬಿದ್ಮೇಲೆ ಕೂತ್ಕೊಳ್ತು. ಕೆಫೇದಕ್ಕಿಂತ ಸಿಹಿ ಕಮ್ಮಿ, ಪರಿಮಳ ಜಾಸ್ತಿ. ಹೊಗೆ ಥರ ಇಳಿಯೋದು ಮಾತ್ರ ಇನ್ನೂ ಬಂದಿಲ್ಲ, ನಂದು ಬಕೆಟ್ ನೀರು ಚೆಲ್ಲಿದ ಹಾಗೆ ಕಲೆತು ಹೋಗತ್ತೆ.

ಸಿಪ್ಪೆ ಸಾಹುಕಾರ:
ಒಂದು ಚಮಚ ರಸದ ಮಾತು ಒಪ್ಪಿದೆ, ನಾನೇ ಅಷ್ಟು ಕಟ್ಟುನಿಟ್ಟಾಗಿ ಹೇಳ್ಬಾರದಿತ್ತು. ಹೊಗೆ ಬರ್ಬೇಕಂದ್ರೆ ಸಿರಪ್ಪನ್ನ ಆ 100 ಎಂಎಲ್ ನೀರಲ್ಲಿ ಮೊದ್ಲೇ ಪೂರ್ತಿ ಕಲಸಿಬಿಡಿ, ಆಗ ಆ ನೀರೇ ಭಾರ ಆಗತ್ತೆ, ಕಾಫಿ ಅದ್ರ ಮೇಲೆ ನಿಲ್ಲತ್ತೆ. ಈಗ ನಿಮ್ದು ಸಿರಪ್ ತಳದಲ್ಲಿ, ನೀರು ಬೇರೆ, ಬರೀ ನೀರು ಕಾಫಿನ ಹೊರಲ್ಲ. ಐಸ್ ಚೂರು ಚೂರು ಹಾಕ್ತಿದೀರಾ? ದೊಡ್ಡ ತುಂಡು ಹಾಕಿ, ನಿಧಾನಕ್ಕೆ ಕರಗತ್ತೆ, ಕಾಫಿ ಬೀಳಕ್ಕೆ ಮೆತ್ತೆ ಥರನೂ ಆಗತ್ತೆ.

ಹಸಿರು ಬಾಟ್ಲಿ:
ಉಳಿದ ಕಾಫಿನ ಐಸ್ ಟ್ರೇಗೆ ಹಾಕಿಟ್ಕೊಳ್ಳಿ. ಅದು ಕರಗಿದ್ರೂ ಕಾಫಿನೇ.

ಡಿಕಾಕ್ಷನ್ ದಾಸ:
ಮನೇಲಿ ಮಗಳು ಈ ಥ್ರೆಡ್ ಓದಿ ಮಾಡಿ ತಂದಿಟ್ಳು, ಸಿಪ್ಪೆ ಸಿರಪ್, ಸೋಡಾ, ನನ್ನದೇ ಪುಡಿ. ಪೂರ್ತಿ ಕುಡಿದೆ. ಇಷ್ಟ ಆಗ್ಲಿಲ್ಲ. ಸುಳ್ಳು ಹೇಳಲ್ಲ, ಕಾಫಿ ಕುಡಿದ ಸಮಾಧಾನ ಇಲ್ಲ, ಶರಬತ್ತು ಕುಡಿದ ಸಮಾಧಾನನೂ ಇಲ್ಲ. ಆದ್ರೆ ಲೋಟ ತೊಳೆಯುವಾಗ ಬಂದ ವಾಸನೆ ಚೆನ್ನಾಗಿತ್ತು.

ನಿದ್ದೆಗೆಟ್ಟವಳು:
ಹಾಗಾದ್ರೆ ನಿಮ್ಮ ಬಿಸಿ ಕಪ್ಪು ಕಾಫಿ ಮೇಲೆ ಒಂದು ಚೂರು ಕಿತ್ತಳೆ ಸಿಪ್ಪೆ ಮಡಿಸಿ ಚಿಮ್ಮಿಸಿ, ಒಳಗೆ ಹಾಕ್ಬೇಡಿ.

ಡಿಕಾಕ್ಷನ್ ದಾಸ:
ಯೋಚ್ನೆ ಮಾಡ್ತೀನಿ.

ಅರ್ಧಲೋಟ:
ಬಂತು! ಹೊಗೆ ಬಂತು! ಸಿರಪ್ಪನ್ನ ನೀರಲ್ಲಿ ಕಲಸಿ, ದೊಡ್ಡ ಐಸ್ ಮೇಲೆ ಚಮಚದ ಬೆನ್ನಲ್ಲಿ ಇಳಿಸ್ದೆ, ಒಂದು ನಿಮಿಷ ಪೂರ್ತಿ ಗೆರೆ ಕೊಯ್ದ ಹಾಗೆ ನಿಂತಿತ್ತು. ಫೋಟೋ ತೆಗೆಯೋಣ ಅಂತ ಫೋನ್ ಹುಡುಕೋದ್ರೊಳಗೆ ನಮ್ಮನೆಯವ್ರು ಬಂದು ಇದೇನಿದು ಅಂತ ಚಮಚ ಹಾಕಿ ಗರಗರ ತಿರುಗಿಸ್ಬಿಟ್ರು.